ಕೇಳಿ, ಹೇಳುತ್ತೇನೆ: ಕಂಪನಿಯವರು ಸೇವೆಗೆ ಬಂದಾಗ

ಕಂಪನಿಗಳ ಸಮಾಜಸೇವೆ ಬಗ್ಗೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ರಾಶಿ ಬಂದಿವೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ವರ್ಷಗಟ್ಟಲೆ ಒಂದು ಸೇವಾಸಂಸ್ಥೆಯಲ್ಲಿ ಸ್ವಯಂಸೇವಕರನ್ನು ನೋಡಿಕೊಳ್ಳುವ ಕೆಲಸ ಮಾಡಿದವಳು. ಕೊಡುವವರ ಸಾಲಿನಲ್ಲಲ್ಲ, ಇಸಕೊಳ್ಳುವವರ ಸಾಲಿನಲ್ಲಿ ನಿಂತವಳು. ಉತ್ತರದಲ್ಲಿ ಆ ವಾಸನೆ ಬರುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ‘ಸೇವಾ ದಿನ’ ಇರುತ್ತದೆ. ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಶಾಲೆಯೊಂದಕ್ಕೆ ಹೋಗಿ ಗೋಡೆಗೆ ಬಣ್ಣ ಹೊಡೆದು ಬರುತ್ತೇವೆ. ಬರದಿದ್ದವರನ್ನು ಅಪ್ರೈಸಲ್‌ನಲ್ಲಿ ನೋಡಿಕೊಳ್ಳುತ್ತೇನೆ ಅಂತ ಮ್ಯಾನೇಜರ್ ತಮಾಷೆ ಮಾಡುತ್ತಾರೆ. ಅದು ತಮಾಷೆಯಲ್ಲ ಅಂತ ಎಲ್ಲರಿಗೂ ಗೊತ್ತು. ಇದು ಸೇವೆಯಾ?
— ಒಬ್ಬ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಬರಲೇಬೇಕು ಅಂದ ಮೇಲೆ ಅದು ಡ್ಯೂಟಿ. ಡ್ಯೂಟಿ ಕೆಟ್ಟದ್ದೇನಲ್ಲ, ಆದರೆ ಅದನ್ನು ಸ್ವಯಂಸೇವೆ ಅಂತ ಬ್ಯಾನರ್ ಕಟ್ಟಬಾರದು ಅಷ್ಟೇ.

ಗೋಡೆಯ ಕಥೆ ಮಾತ್ರ ನನಗೆ ಚೆನ್ನಾಗಿ ಗೊತ್ತು. ನಾವು ಕೆಲಸ ಮಾಡುತ್ತಿದ್ದ ಒಂದು ಶಾಲೆಯ ಮುಂದಿನ ಗೋಡೆಗೆ ಒಂದೇ ವರ್ಷದಲ್ಲಿ ಮೂರು ಕಂಪನಿಯವರು ಬಣ್ಣ ಹೊಡೆದರು. ಮೊದಲು ಬಂದವರು ಸೂರ್ಯಕಾಂತಿ ಬರೆದರು. ಎರಡನೆಯವರು ಸೂರ್ಯಕಾಂತಿ ಮೇಲೆ ಭೂಗೋಳ ಬರೆದರು. ಮೂರನೆಯವರು ಭೂಗೋಳದ ಮೇಲೆ ರಾಕೆಟ್ ಬರೆದರು. ಬಣ್ಣ ತೆಳುವಾಗಿತ್ತು, ರಾಕೆಟ್ಟಿನ ಹೊಟ್ಟೆಯೊಳಗೆ ನೀಲಿ ಸಮುದ್ರ ಕಾಣುತ್ತಿತ್ತು. ಹಿಂದುಗಡೆ ಗೋಡೆಯ ಗಾರೆ ಉದುರುತ್ತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಅಲ್ಲಿ ಬೆಳಕು ಕಮ್ಮಿ, ಫೋಟೋ ಚೆನ್ನಾಗಿ ಬರುವುದಿಲ್ಲ.

ನೀವು ಬರುವ ಹಿಂದಿನ ದಿನ ಅಲ್ಲಿ ಏನಾಗುತ್ತದೆ ಗೊತ್ತಾ? ಮೇಷ್ಟ್ರುಗಳು ಬೆಂಚು ಹೊರಗೆ ಸಾಗಿಸುತ್ತಾರೆ. ಹಳೇ ಬಣ್ಣ ಕೆರೆಯಲು ಕೂಲಿಯವರನ್ನು ಕರೆಸುತ್ತಾರೆ, ಯಾಕಂದರೆ ಕೆರೆಯುವ ಕೆಲಸ ಬಂದವರಿಗೆ ಇಷ್ಟವಿಲ್ಲ, ಮೂಗಿಗೆ ಧೂಳು ಬೀಳುತ್ತದೆ. ಪ್ರೈಮರ್ ಹೊಡೆದು ಒಣಗಿಸಿ ಇಟ್ಟಿರುತ್ತಾರೆ. ನೀವು ಹೋದ ಮಾರನೇ ದಿನ ಕಿಟಕಿ ಗಾಜಿಗೆ ಹತ್ತಿದ ಬಣ್ಣವನ್ನು ಬ್ಲೇಡಿನಲ್ಲಿ ಕೆರೆಯುತ್ತಾರೆ. ತೊಳೆಯದೆ ಬಿಟ್ಟ ಬ್ರಷ್‌ಗಳು ಕಲ್ಲಾಗಿರುತ್ತವೆ. ನಿಮ್ಮ ಒಂದು ದಿನದ ಸೇವೆಗೆ ಶಾಲೆಯವರ ಮೂರು ದಿನ ಹೋಗುತ್ತದೆ.

ಆ ಶಾಲೆಯ ಹೆಡ್‌ಮಿಸ್ ಹತ್ತಿರ, ‘ಮೇಡಂ, ನಿಮಗೆ ನಿಜವಾಗಿ ಏನು ಬೇಕಿತ್ತು?’ ಅಂತ ಕೇಳಿದೆ. ಅವರು ಯೋಚಿಸಲೂ ಇಲ್ಲ. ‘ಲ್ಯಾಬಿನಲ್ಲಿ ಕಂಪ್ಯೂಟರ್‌ಗಳು ಕೆಟ್ಟು ಕೂತಿವೆ. ಬಂದವರಲ್ಲಿ ಮುಕ್ಕಾಲು ಜನ ಕಂಪ್ಯೂಟರ್ ಎಂಜಿನಿಯರ್‌ಗಳೇ. ಒಬ್ಬರೂ ಆ ರೂಮಿನ ಬೀಗ ತೆಗೆಸಲಿಲ್ಲ’ ಅಂದರು. ‘ನೀವಾದರೂ ಹೇಳಬಹುದಿತ್ತಲ್ವಾ?’ ಅಂದೆ. ‘ಕೊಡಲು ಬಂದವರಿಗೆ ಇದು ಬೇಡ, ಅದು ಕೊಡಿ ಅನ್ನೋಕಾಗುತ್ತಾ? ಮುಂದಿನ ವರ್ಷ ಬರೋದೇ ಇಲ್ಲ ಅಷ್ಟೆ’ ಅಂದರು.

ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಮಾತಿನಲ್ಲೇ ಇದೆ. ಇಸಕೊಳ್ಳುವವರು ತಾವಾಗಿ ಬಾಯಿ ಬಿಡುವುದಿಲ್ಲ. ಕೊಡುವವರೇ ಕೇಳಬೇಕು, ಅದೂ ದಿನಾಂಕ ಗೊತ್ತುಮಾಡುವ ಮುಂಚೆ. ಟೀ ಶರ್ಟ್ ಪ್ರಿಂಟಿಗೆ ಕೊಟ್ಟ ಮೇಲೆ ಕೇಳಿದರೆ ಅದು ಸುಮ್ನೆ ಉಪಚಾರಕ್ಕೆ ಕೇಳಿದಂತೆ.

ಇದನ್ನು ಸರಿಯಾಗಿ ಮಾಡಲು ದಾರಿ ಇಲ್ಲದೇ ಇಲ್ಲ. ಟಿಂಬರ್‌ಲ್ಯಾಂಡ್ ಅನ್ನುವ ಅಮೆರಿಕದ ಬೂಟಿನ ಕಂಪನಿ 1992ರಲ್ಲೇ ನೌಕರರಿಗೆ ಸೇವೆಗೆಂದು ಸಂಬಳ ಸಹಿತ ಬಿಡುವು ಕೊಡಲು ಶುರುಮಾಡಿತು. ಆಮೇಲೆ ಅದನ್ನು ವರ್ಷಕ್ಕೆ 40 ಗಂಟೆಗೆ ಏರಿಸಿತು. 40 ಗಂಟೆಯನ್ನು ಒಂದೇ ದಿನ ಬಸ್ಸು ತುಂಬಿಸಿಕೊಂಡು ಹೋಗಿ ಮುಗಿಸಲು ಆಗುವುದಿಲ್ಲ. ಅದೇ ಅದರ ಚಂದ. ಒಬ್ಬರು ವಾರಕ್ಕೆ ಒಂದು ಗಂಟೆ ಒಂದೇ ಶಾಲೆಗೆ ಹೋಗಬಹುದು, ಮಕ್ಕಳ ಹೆಸರು ಗೊತ್ತಾಗುವಷ್ಟು.

ನಿಮ್ಮ ಮ್ಯಾನೇಜರಿಗೆ ಜಗಳವಾಡದೆ ಒಂದು ಮಾತು ಹೇಳಿ: ಮೂವತ್ತು ಜನ ಗೋಡೆಗೆ ಹೋಗಲಿ, ನಾವು ಮೂರು ಜನ ಲ್ಯಾಬಿಗೆ ಹೋಗುತ್ತೇವೆ. ಫೋಟೋ ಬೇಕಾದರೆ ಗೋಡೆಯ ಹತ್ತಿರ ಬಂದು ನಿಲ್ಲುತ್ತೇವೆ.

ಪ್ರಶ್ನೆ: ನಾನು ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿದ್ದೇನೆ. ನಮ್ಮ ಸಿ.ಎಸ್.ಆರ್. (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಕೆಲಸದ ಬಗ್ಗೆ ವಿಡಿಯೋ ಮಾಡಿಸುತ್ತೇವೆ. ಈ ಸಲ ವಿಡಿಯೋದ ಖರ್ಚು ಕೆಲಸದ ಖರ್ಚಿನ ಹತ್ತಿರ ಬಂದಿದೆ. ಯಾಕೋ ಸರಿಯಿಲ್ಲ ಅನ್ನಿಸುತ್ತಿದೆ. ಎಷ್ಟು ಪ್ರಚಾರ ಸರಿ?
— ಹೆಸರು ಬೇಡ ಎಂದವರು

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಈ ವಿಷಯದಲ್ಲಿ ದಾಖಲೆ ಇರುವುದು ಸಿಗರೇಟು ಕಂಪನಿ ಫಿಲಿಪ್ ಮೋರಿಸ್ ಹೆಸರಿನಲ್ಲಿ. 1999ರಲ್ಲಿ ಅದು ದಾನಕ್ಕೆ ಸುಮಾರು 7.5 ಕೋಟಿ ಡಾಲರ್ ಕೊಟ್ಟಿತು. ಆ ದಾನದ ಜಾಹೀರಾತಿಗೆ ಸುಮಾರು 10 ಕೋಟಿ ಡಾಲರ್ ಸುರಿಯಿತು. ದಾನ ಯಾರಿಗೆ ಹೋಯಿತು ಅನ್ನುವುದು ಯಾರಿಗೂ ನೆನಪಿಲ್ಲ. ಈ ಲೆಕ್ಕ ಮಾತ್ರ ಇವತ್ತಿಗೂ ಎಲ್ಲರ ಬಾಯಲ್ಲಿದೆ.

ಹಾಗಂತ ಪ್ರಚಾರವೇ ಪಾಪ ಅಂತ ನಾನು ಹೇಳುವುದಿಲ್ಲ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಒಂದು ಪ್ರಯೋಗ ಮಾಡಿತು. ನಮ್ಮ ಕಾರ್ಡ್ ಬಳಸಿದಾಗೆಲ್ಲ ಒಂದು ಸೆಂಟ್, ಹೊಸ ಕಾರ್ಡ್ ತೆಗೆದುಕೊಂಡರೆ ಒಂದು ಡಾಲರ್, ಸ್ವಾತಂತ್ರ್ಯ ದೇವಿ ಪ್ರತಿಮೆಯ ರಿಪೇರಿಗೆ ಕೊಡುತ್ತೇವೆ ಅಂತ ಜಾಹೀರಾತು ಹಾಕಿತು. 17 ಲಕ್ಷ ಡಾಲರ್ ಸೇರಿತು. ಕಂಪನಿಯ ವ್ಯಾಪಾರವೂ ಜೋರಾಯಿತು. ಅದರಲ್ಲಿ ಮುಚ್ಚುಮರೆ ಏನಿರಲಿಲ್ಲ. ಎಷ್ಟು ಕೊಡುತ್ತೇವೆ, ಯಾವುದಕ್ಕೆ ಕೊಡುತ್ತೇವೆ ಅಂತ ಬಾಯಿಬಿಟ್ಟು ಹೇಳಿದ್ದರು. ಈಗಿನವರು ‘ನಿಮ್ಮ ಖರೀದಿಯ ಒಂದು ಭಾಗ ಒಳ್ಳೆಯ ಕೆಲಸಕ್ಕೆ’ ಅಂತ ಹಾಕುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ. ಎಷ್ಟು ಭಾಗ? ಯಾವ ಕೆಲಸ? ಯಾವಾಗಿನ ತನಕ?

ಇನ್ನು ನಿಮ್ಮ ವಿಡಿಯೋ. ಅದರಲ್ಲಿ ಯಾರ ಮುಖ ಜಾಸ್ತಿ ಹೊತ್ತು ಕಾಣುತ್ತದೆ ಅಂತ ಒಮ್ಮೆ ಗಡಿಯಾರ ಹಿಡಿದು ನೋಡಿ. ನನ್ನ ಅನುಭವದಲ್ಲಿ ಮೊದಲು ನಿರ್ದೇಶಕರು, ಆಮೇಲೆ ಟೀ ಶರ್ಟಿನವರು, ಕೊನೆಗೆ ನಿಧಾನಗತಿಯಲ್ಲಿ ನಗುವ ಒಂದು ಮಗು. ಆ ಮಗುವಿನ ಅಪ್ಪ ಅಮ್ಮನನ್ನು ಯಾರಾದರೂ ಕೇಳಿದ್ದಾರಾ? ‘ಶಾಲೆಯವರು ಒಪ್ಪಿದ್ದಾರೆ’ ಅನ್ನುವುದು ಉತ್ತರವಲ್ಲ.

ಒಮ್ಮೆ ನಮ್ಮ ಸಂಸ್ಥೆಗೆ ಒಂದು ಕಂಪನಿಯವರು ಆಳೆತ್ತರದ ಥರ್ಮೋಕೋಲ್ ಚೆಕ್ ತಂದರು. ಇಬ್ಬರು ಹಿಡಿದುಕೊಂಡರು, ಫೋಟೋ ಆಯಿತು, ಮಾರನೇ ದಿನ ಪೇಪರಿನಲ್ಲೂ ಬಂತು. ನಿಜವಾದ ಹಣ ಕೈಗೆ ಬರುವಾಗ ಆ ಥರ್ಮೋಕೋಲ್ ನಮ್ಮ ಸ್ಟೋರ್‌ರೂಮಿನಲ್ಲಿ ಧೂಳು ಹಿಡಿದು ಕೂತಿತ್ತು. ಅಷ್ಟರೊಳಗೆ ನಮ್ಮ ಹಳೇ ದಾನಿಗಳು ‘ನಿಮಗಿನ್ನು ನಮ್ಮ ದುಡ್ಡು ಯಾಕೆ ಬಿಡಿ, ಪೇಪರಿನಲ್ಲಿ ನೋಡಿದೆವಲ್ಲ’ ಅನ್ನಲು ಶುರುಮಾಡಿದ್ದರು. ಅದಕ್ಕೇ ಹೇಳುತ್ತೇನೆ, ಹಣ ತಲುಪಿದ ಮೇಲೆ ಫೋಟೋ. ಕೆಲಸ ಮುಗಿದ ಮೇಲೆ ವಿಡಿಯೋ. ಸಾಧ್ಯವಾದರೆ ಮುಗಿದು ಒಂದು ವರ್ಷ ಆದ ಮೇಲೆ. ನೀವು ಕೊಟ್ಟ ನೀರಿನ ಫಿಲ್ಟರ್ ಆಗಲೂ ಓಡುತ್ತಿದ್ದರೆ ಅದೇ ನಿಮ್ಮ ವಿಡಿಯೋ. ನಿಂತುಹೋಗಿದ್ದರೆ ಯಾಕೆ ನಿಂತಿತು ಅಂತಲೂ ತೋರಿಸಿ. ಅಂಥದ್ದನ್ನು ನೋಡಿದವರು ನಿಮ್ಮ ಮುಂದಿನ ಮಾತು ನಂಬುತ್ತಾರೆ.

ಪ್ರಶ್ನೆ: ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ವಾ?
— ಹಿರಿಯ ಓದುಗರು

ಉತ್ತರ: ನೀವು ನಿಮ್ಮ ಜೇಬಿನಿಂದ ಕೊಡುವಾಗ ಖಂಡಿತ ಹಾಗೇ ಕೊಡಿ ಸಾರ್. ಕಂಪನಿ ಕೊಡುವುದು ಷೇರುದಾರರ ದುಡ್ಡು. ಎಡಗೈಗೆ ಗೊತ್ತಾಗಲೇಬೇಕು.

ನಮ್ಮ ದೇಶದಲ್ಲಂತೂ ಅದು ಕಾನೂನೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಗದಿ ಮಾಡಿದ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಮಾಡಿದ್ದನ್ನು ವಾರ್ಷಿಕ ವರದಿಯಲ್ಲಿ ತೋರಿಸಬೇಕು. ಎಷ್ಟು ಖರ್ಚಾಯಿತು ಅನ್ನುವ ಲೆಕ್ಕ ಒಂದು ಅನುಬಂಧದಲ್ಲಿ ಇರುತ್ತದೆ. ಓದಲು ಬೇಜಾರಿನ ಪುಟ, ಒಪ್ಪುತ್ತೇನೆ. ಆದರೆ ವಿಡಿಯೋಕ್ಕಿಂತ ಅದು ಜಾಸ್ತಿ ಮಾತಾಡುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ಕಾನೂನಿನ ಒತ್ತಾಯ ಇಲ್ಲ, ಆದರೂ ಏನಾದರೂ ಮಾಡಬೇಕು ಅಂತ ಆಸೆ. ಗೋಡೌನಿನಲ್ಲಿ ಮಾರಾಟವಾಗದ ಸಾಮಾನು ಬೇಕಾದಷ್ಟಿದೆ. ಅದನ್ನೇ ಕೊಡಬಹುದಾ, ದುಡ್ಡೇ ಕೊಡಬೇಕಾ?
— ಸಣ್ಣ ಉದ್ಯಮಿ

ಉತ್ತರ: ಗೋಡೌನ್ ಖಾಲಿ ಮಾಡುವುದು ಬೇರೆ, ಕೊಡುವುದು ಬೇರೆ. ಎರಡೂ ಒಟ್ಟಿಗೆ ಆದರೆ ಒಳ್ಳೆಯದೇ. ಆದರೆ ಯಾವಾಗಲೂ ಆಗುವುದಿಲ್ಲ. 2004ರ ಸುನಾಮಿ ಆದ ಮೇಲೆ ಇಂಡೋನೇಷ್ಯಾದ ಆಚೆ (Aceh) ಅನ್ನುವ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ಬಂದು ಬಿತ್ತು. ಅದರಲ್ಲಿ ಬಹಳಷ್ಟು ಅಲ್ಲಿಗೆ ಬೇಕಾದದ್ದೇ ಅಲ್ಲ. ಎಷ್ಟೋ ಡಬ್ಬಿಗಳ ಮೇಲಿನ ಬರಹ ಅಲ್ಲಿನವರಿಗೆ ಓದಲು ಬರುತ್ತಿರಲಿಲ್ಲ. ಮನೆ ಮಠ ಕಳೆದುಕೊಂಡ ಊರು ಆ ರಾಶಿಯನ್ನು ಬೇರ್ಪಡಿಸಬೇಕು, ಇಡಲು ಜಾಗ ಹುಡುಕಬೇಕು, ಅವಧಿ ಮುಗಿದದ್ದನ್ನು ಸುಡಬೇಕು.

ಅದೇ ಔಷಧದ ಇನ್ನೊಂದು ಕಥೆ ಕೇಳಿ. ಮರ್ಕ್ ಕಂಪನಿಯ ಹತ್ತಿರ ಐವರ್‌ಮೆಕ್ಟಿನ್ ಅನ್ನುವ ಮಾತ್ರೆ ಇತ್ತು. ಹೊಳೆ ದಂಡೆಯ ಕಪ್ಪು ನೊಣ ಕಚ್ಚಿ ಬರುವ ಒಂದು ರೋಗ ಕಣ್ಣನ್ನೇ ಕಿತ್ತುಕೊಳ್ಳುತ್ತದೆ. ಈ ಮಾತ್ರೆ ವರ್ಷಕ್ಕೆ ಒಂದೆರಡು ಸಲ ತೆಗೆದುಕೊಂಡರೆ ಅದು ಹತೋಟಿಗೆ ಬರುತ್ತದೆ. ಆದರೆ ರೋಗ ಇದ್ದದ್ದು ಕೊಳ್ಳಲು ಶಕ್ತಿಯಿಲ್ಲದವರಿಗೆ, ಬಹುಪಾಲು ಆಫ್ರಿಕಾದಲ್ಲಿ. ‘ಎಷ್ಟು ಬೇಕೋ ಅಷ್ಟು, ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಪುಕ್ಕಟೆ ಕೊಡುತ್ತೇವೆ’ ಅಂತ ಕಂಪನಿ 1987ರಲ್ಲಿ ಹೇಳಿತು. ಇವತ್ತಿಗೂ ಕೊಡುತ್ತಿದೆ. ಲಾರಿಯಲ್ಲಿ ತಂದು ಸುರಿದು ಹೋಗಲಿಲ್ಲ. ಯಾರಿಗೆ, ಹೇಗೆ ತಲುಪಿಸಬೇಕು ಅಂತ ನೋಡಲು ಸಾರ್ವಜನಿಕ ಆರೋಗ್ಯ ಬಲ್ಲವರ ಪ್ರತ್ಯೇಕ ಸಮಿತಿಯೇ ಆಯಿತು. 2013ರಲ್ಲಿ ಕೊಲಂಬಿಯಾ ಆ ರೋಗದಿಂದ ಮುಕ್ತವಾದ ಮೊದಲ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಇದರಿಂದ ಮರ್ಕ್‌ಗೆ ಹೆಸರು ಬರಲಿಲ್ಲವಾ? ಚೆನ್ನಾಗಿಯೇ ಬಂತು. ಬರಲಿ ಬಿಡಿ.

ನೀವು ಮರ್ಕ್ ಆಗಬೇಕಿಲ್ಲ. ಗೋಡೌನಿನಲ್ಲಿ ಏನಿದೆ ಅಂತ ಪಟ್ಟಿ ಮಾಡಿ ಒಂದೆರಡು ಸಂಸ್ಥೆಗಳಿಗೆ ಕಳಿಸಿ, ‘ಬೇಡ ಅಂದರೂ ಬೇಜಾರಿಲ್ಲ’ ಅಂತ ಕೆಳಗೆ ಬರೆಯಿರಿ. ಆ ಸಾಲು ಮರೆಯಬೇಡಿ, ಅದಿಲ್ಲದಿದ್ದರೆ ಎಲ್ಲರೂ ಬೇಕು ಅಂತಲೇ ಅನ್ನುತ್ತಾರೆ. ಸಾಗಾಟದ ಖರ್ಚು ನಿಮ್ಮದೇ ಇರಲಿ.

ಪ್ರಶ್ನೆ: ಇದೆಲ್ಲ ಬರೀ ಮೇಕಪ್ ಅಂತ ನನ್ನ ಗೆಳತಿ ಹೇಳುತ್ತಾಳೆ. ಅವಳ ಮಾತು ನಿಜವಾ?
— ಬಿ.ಕಾಂ. ವಿದ್ಯಾರ್ಥಿನಿ

ಉತ್ತರ: ಕೆಲವು ಸಲ ನಿಜ. 2015ರ ಸೆಪ್ಟೆಂಬರಿನಲ್ಲಿ ಪರಿಸರ, ಸಮಾಜದ ವಿಷಯದಲ್ಲಿ ಕಂಪನಿಗಳಿಗೆ ಅಂಕ ಕೊಡುವ ಡೌ ಜೋನ್ಸ್ ಸಸ್ಟೈನಬಿಲಿಟಿ ಇಂಡೆಕ್ಸ್‌ನವರು ಕಾರು ಕಂಪನಿಗಳಲ್ಲಿ ಫೋಕ್ಸ್‌ವ್ಯಾಗನ್ನೇ ಮುಂದು ಅಂದರು. ಅದಾಗಿ ಕೆಲವೇ ದಿನಕ್ಕೆ ಆ ಕಂಪನಿ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಗೆ ಮೋಸ ಮಾಡುವ ಸಾಫ್ಟ್‌ವೇರ್ ಇಟ್ಟಿದ್ದು ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು. ಕಂಪನಿ ತನ್ನ ಬಗ್ಗೆ ತಾನೇ ತುಂಬಿಕೊಟ್ಟ ಫಾರಂ ನೋಡಿ ಅಂಕ ಕೊಟ್ಟರೆ ಹೀಗಾಗುತ್ತದೆ.

ಲಾಭದ ಶೇ. 2 ಹೇಗೆ ಖರ್ಚಾಯಿತು ಅಂತ ಎಲ್ಲರೂ ಕೇಳುತ್ತಾರೆ. ಉಳಿದ 98 ಹೇಗೆ ಬಂತು ಅಂತ ನಿಮ್ಮ ಗೆಳತಿ ಕೇಳುತ್ತಿದ್ದಾಳೆ, ಅಲ್ವಾ? ಜಾಣೆ. ಆದರೆ ಮೇಕಪ್ ಅಂತ ಎಲ್ಲವನ್ನೂ ತಳ್ಳಿಹಾಕಿದರೆ ಕೊಲಂಬಿಯಾದ ಕಣ್ಣುಗಳ ಲೆಕ್ಕ ಎಲ್ಲಿಗೆ ಹಾಕುತ್ತಾಳೆ ಅಂತ ಕೇಳಿ ನೋಡಿ.

ಪ್ರಶ್ನೆ: ನಮ್ಮದು ಪುಟ್ಟ ಸಂಸ್ಥೆ. ಒಂದು ಕಂಪನಿ ದುಡ್ಡು ಕೊಡಲು ಮುಂದೆ ಬಂದಿದೆ. ಮಕ್ಕಳು ಅವರ ಉತ್ಪನ್ನ ಕೈಯಲ್ಲಿ ಹಿಡಿದು ನಿಲ್ಲಬೇಕಂತೆ, ಅದು ಜಾಹೀರಾತಿಗೆ. ದುಡ್ಡು ಬಿಡುವ ಸ್ಥಿತಿಯಲ್ಲಿ ನಾವಿಲ್ಲ. ಏನು ಮಾಡುವುದು?
— ಸೇವಾಸಂಸ್ಥೆಯ ಕಾರ್ಯದರ್ಶಿ

ಉತ್ತರ: ಬೇಡ ಅನ್ನುವ ಮುಂಚೆ ಒಂದು ದಾರಿ ಇದೆ. ಮೊದಲು ‘ಇದು ಸಿ.ಎಸ್.ಆರ್. ಹಣವಾ?’ ಅಂತ ವಿಚಾರಿಸಿ. ಹೌದು ಅಂದರೆ ಕಾನೂನು ನಿಮ್ಮ ಕಡೆ ಇದೆ. ತನ್ನ ಸರಕಿನ ಮಾರಾಟಕ್ಕೆ ಅನುಕೂಲವಾಗಲಿ ಅಂತ ಕೊಡುವ ಪ್ರಾಯೋಜಕತ್ವ ಸಿ.ಎಸ್.ಆರ್. ಅಲ್ಲ ಅಂತ 2021ರ ತಿದ್ದುಪಡಿಯಾದ ನಿಯಮದಲ್ಲೇ ಇದೆ. ಜಾಹೀರಾತು, ಮ್ಯಾರಥಾನ್, ಟಿ.ವಿ. ಕಾರ್ಯಕ್ರಮದ ಪ್ರಾಯೋಜಕತ್ವ, ಇಂಥ ಒಂದು ದಿನದ ಕಾರ್ಯಕ್ರಮಗಳು ಲೆಕ್ಕಕ್ಕೆ ಬರುವುದಿಲ್ಲ ಅಂತ 2014ರ ಸುತ್ತೋಲೆಯೂ ಹೇಳಿತ್ತು. ಆ ಫೋಟೋ ತೆಗೆದರೆ ಕಷ್ಟ ಅವರಿಗೇ.

ಇದನ್ನು ನೀವು ಪಾಠ ಮಾಡಿದ ಹಾಗೆ ಹೇಳಬೇಡಿ. ಕೇಳಿದ ಹಾಗೆ ಹೇಳಿ. ‘ಸಾರ್, ಫೋಟೋದಲ್ಲಿ ಉತ್ಪನ್ನ ಇದ್ದರೆ ಆಡಿಟ್‌ನಲ್ಲಿ ನಿಮಗೆ ತೊಂದರೆ ಆಗಲ್ವಾ? ಬದಲಿಗೆ ಬಾಗಿಲ ಹತ್ತಿರ ನಿಮ್ಮ ಕಂಪನಿಯ ಹೆಸರಿನ ಫಲಕ ಹಾಕೋಣವಾ?’ ಅನ್ನಿ. ಫೋನಿನಲ್ಲಿ ಬೇಡ, ಈಮೇಲ್‌ನಲ್ಲಿ ಬರೆಯಿರಿ. ಅವರ ಕಂಪನಿ ಸೆಕ್ರೆಟರಿಗೂ ಒಂದು ಪ್ರತಿ ಹೋಗಲಿ.