ಬಂಬಲ್‌ಬೀ ಗೋಬಿ ಒಣ ಆಹಾರ ಮುಟ್ಟುತ್ತಿಲ್ಲವೇ?

ನಿಮ್ಮ ಬಂಬಲ್‌ಬೀ ಗೋಬಿಗಳು ವಾರದಿಂದ ಒಣ ಆಹಾರ ಮುಟ್ಟದೆ, ಹಳದಿ ಪಟ್ಟೆ ಮಂಕಾಗಿ ಸೊರಗುತ್ತಿರುವುದಕ್ಕೆ ರೋಗಕ್ಕಿಂತ ಹಸಿವೇ ಕಾರಣವಿರಬೇಕು. ಆಗ್ನೇಯ ಏಷ್ಯಾದ ಕಾಂಡ್ಲಾ ಕಾಡುಗಳ ಅಳಿವೆಯಲ್ಲಿ ಬದುಕುವ ಈ ಪುಟ್ಟ ಮೀನು ಅಲುಗಾಡುವ ಬೇಟೆಯನ್ನು ಹಿಡಿದು ತಿನ್ನುವುದು. ತೇಲುವ ಒಣ ಚೂರನ್ನು ಅದು ಸಾಮಾನ್ಯವಾಗಿ ಆಹಾರವೆಂದೇ ಗುರುತಿಸುವುದಿಲ್ಲ.

ಇವತ್ತೇ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿ, ಏರ್ ಪಂಪ್‌ನಿಂದ ಗಾಳಿ ಕೊಡಿ. 24ರಿಂದ 36 ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ. ಅವನ್ನು ಡ್ರಾಪರ್‌ನಲ್ಲಿ ತೆಗೆದು ತಳದ ಹತ್ತಿರ, ಮೀನಿನ ಮೂತಿಯ ಮುಂದೆಯೇ ಬಿಡಿ. ದಿನಕ್ಕೆ 2 ಬಾರಿ. ಅವುಗಳ ಜೊತೆಗಿರುವ ಗಪ್ಪಿ ಮೀನುಗಳನ್ನು ದಯವಿಟ್ಟು ಬೇರೆ ತೊಟ್ಟಿಗೆ ಹಾಕಿ. ಗೋಬಿಗಳು ನಿಧಾನವಾಗಿ ತಿನ್ನುತ್ತವೆ; ಚುರುಕಾದ ಮೀನುಗಳ ನಡುವೆ, ಪಾಪ, ಉಪವಾಸವೇ ಗತಿ.

ತೊಟ್ಟಿಯ ನೀರಿಗೆ ಉಪ್ಪು ಸೇರಿಸುವ ವಿಚಾರದಲ್ಲಿ ಅವಸರ ಬೇಡ. ಬ್ರಾಕಿಗೋಬಿಯಸ್ ಕುಲದ ಹಲವು ಪ್ರಭೇದಗಳು ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ, ಕೆಲವು ಸಿಹಿನೀರಿನವು. ನಿಮ್ಮದು ಯಾವುದೆಂದು ವಿವರಣೆಯಿಂದಷ್ಟೇ ಹೇಳಲಾರೆ. ಅಂಗಡಿಯಲ್ಲಿ ಯಾವ ನೀರಿನಲ್ಲಿದ್ದವು ಎಂದು ಕೇಳಿ. ಸವಳು ನೀರಾಗಿದ್ದರೆ, ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪನ್ನು (ಅಡುಗೆ ಉಪ್ಪಲ್ಲ) ಬೇರೆ ಪಾತ್ರೆಯಲ್ಲಿ ಕರಗಿಸಿ, ನೀರು ಬದಲಿಸುವಾಗಲೆಲ್ಲ ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೈಡ್ರೋಮೀಟರ್‌ನಲ್ಲಿ (ನೀರಿನ ಸಾಪೇಕ್ಷ ಸಾಂದ್ರತೆ ಅಳೆಯುವ ಸಾಧನ) 1.004ರ ಆಸುಪಾಸಿಗೆ ತನ್ನಿ.