ಅಪ್ಪನನ್ನು ಕ್ಷಮಿಸಿದರೆ ಕುಡಿತ ಬಿಡಬಹುದಾ?

ಗದಗಿನ ಮನೆಗೆ ಹೋಗಿ ಬಂದಾಗಲೆಲ್ಲ ಕುಡಿತ ಜಾಸ್ತಿ ಆಗುತ್ತದೆ, ಅಪ್ಪನನ್ನು ಕ್ಷಮಿಸಿದರೆ ಬಿಡಬಹುದಾ ಅಂತ ಕೇಳಿದ್ದೀರಿ. ಹಾಗೆ ಜಾಸ್ತಿ ಆಗುವುದಕ್ಕೆ ಕಾರಣ, ಬಹುಶಃ, ಅಪ್ಪ ಕುಡಿದು ಬಂದು ಹೊಡೆಯುತ್ತಿದ್ದ ಹೆದರಿಕೆ ಇನ್ನೂ ಮೈಯಲ್ಲೇ ಇರುವುದು. ನನಗೂ ಹಾಗೇ ಇತ್ತು. ರಾತ್ರಿ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, 35ನೇ ವಯಸ್ಸಿನಲ್ಲೂ ಹೊಟ್ಟೆ ಹಿಂಡುತ್ತಿತ್ತು.

ಕ್ಷಮೆಯ ಮಾತು ಆಮೇಲೆ. ಮೊದಲು ದೇಹ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅದಕ್ಕೇ ಸುಮ್ನೆ ಮನೆಯಲ್ಲೇ ಶಪಥ ಮಾಡಬೇಡಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ, ದಿನಕ್ಕೆ ಎಷ್ಟು ಕ್ವಾರ್ಟರ್ ಅಂತ ಮುಚ್ಚಿಡದೆ ಹೇಳಿ. ದಾಖಲಾಗಬೇಕಾ, ಮಾತ್ರೆ ಸಾಕಾ, ಅದನ್ನು ವೈದ್ಯರೇ ನೋಡಿ ಹೇಳಬೇಕು.

ನಡುಕ ನಿಂತ ಮೇಲೆ ಆಪ್ತಸಮಾಲೋಚಕರ ಹತ್ತಿರ ಹೊಡೆತದ ವಿಷಯ ತೆಗೆಯಿರಿ. ನಾನು ಮೂರು ಸಲ ಹೋಗಿ ಬರೀ ಹವಾಮಾನ ಮಾತಾಡಿ ಬಂದೆ. ನಾಲ್ಕನೇ ಸಲ ಬಾಯಿ ಬಂತು. ಹೊಡೆತ ತಿಂದದ್ದು ನಿಮ್ಮ ತಪ್ಪಲ್ಲ. ಈಗ ಚಿಕಿತ್ಸೆಗೆ ಹೋಗುವುದು ಮಾತ್ರ ನಿಮ್ಮದೇ ಕೆಲಸ, ಅಪ್ಪ ಬಂದು ಮಾಡಿಕೊಡುವುದಿಲ್ಲ.

ಕ್ಷಮಿಸುವುದು ಅಂದರೆ ಅವರು ಮಾಡಿದ್ದು ಸರಿ ಅನ್ನುವುದಲ್ಲ. ಎದುರಿಗೆ ಹೋಗಿ ಹೇಳಲೂ ಬೇಕಿಲ್ಲ. ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಬೇಗ ಆಗಬಹುದು, ತಡವೂ ಆಗಬಹುದು. ಅಲ್ಲಿಯವರೆಗೆ ಒಬ್ಬರೇ ಗದಗಿಗೆ ಹೋಗಬೇಡಿ.

ಆಸ್ಪತ್ರೆಗೆ ಹೋಗಲು ಹಿಂಜರಿಕೆ ಇದ್ದರೆ ಇವತ್ತೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.