ಹರಕೆ ಮಾವನದು, ತಲೆ ಅಳಿಯನದು

ಡೊಂಬಿವಲಿಯಿಂದ ಬಂದ ಪತ್ರವೊಂದನ್ನು ಓದಿದ ಮೇಲೆ ಈ ವಾರದ ಉಳಿದೆಲ್ಲ ಪತ್ರಗಳನ್ನು ಬದಿಗಿಟ್ಟಿದ್ದೇನೆ. ಬರೆದವರು ಐರೋಲಿಯಲ್ಲಿ ಕೆಲಸ ಮಾಡುವ 29ರ ಇಂಜಿನಿಯರ್. ಕಳೆದ ವರ್ಷ ಅವರ ತಾಯಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡು ಬಯಾಪ್ಸಿ ಮಾಡಿಸಿದಾಗ, ವರದಿ ಒಳ್ಳೆಯದಾಗಿ ಬಂದರೆ ಅಳಿಯ ತಿರುಪತಿಯಲ್ಲಿ ಮುಡಿ ಕೊಡುತ್ತಾನೆಂದು ಸೋದರಮಾವ ಹರಕೆ ಹೊತ್ತರು. ಕ್ಯಾನ್ಸರ್ ಅಲ್ಲವೆಂದು ವರದಿ ಬಂತು. ದೇವರಿರುವುದಕ್ಕೆ ಇನ್ನೇನು ಪ್ರಮಾಣ ಬೇಕೆಂದು ತಂದೆ ಕೇಳುತ್ತಾರೆ. ಸೂಜಿಯಲ್ಲಿ ತೆಗೆದ ತುಣುಕಿನಲ್ಲಿ ಇದ್ದದ್ದು ಹರಕೆಗೂ ಮೊದಲೇ ಇತ್ತೆಂದು ಮಗ ವಾದಿಸುತ್ತಾರೆ. ನಂಬದೆ ಮುಡಿ ಕೊಟ್ಟರೆ ಅದು ವಂಚನೆಯಲ್ಲವೇ ಎಂಬುದು ಅವರ ಪ್ರಶ್ನೆ.

ನಾಲ್ಕು ಪುಟಗಳ ವಾದದ ನಡುವೆ ನೀವು ಒಂದೇ ಸಾಲಿನಲ್ಲಿ ದಾಟಿಸಿರುವ ಸಂಗತಿಯೊಂದಿದೆ: ಆರು ತಿಂಗಳಿಗೆ ಮತ್ತೆ ಬಂದು ಮ್ಯಾಮೋಗ್ರಾಮ್ ಮಾಡಿಸಬೇಕೆಂದು ವೈದ್ಯರು ಹೇಳಿದ್ದರು, 'ಅಮ್ಮ ಈಗ ಬೇಡವೆನ್ನುತ್ತಾರೆ, ದೇವರೇ ವಾಸಿಮಾಡಿದ ಮೇಲೆ ಪರೀಕ್ಷಿಸುವುದು ಅಪಚಾರವಂತೆ.' ಆ ಗಡುವು ಕಳೆದು ಎರಡು ತಿಂಗಳಾಗಿದೆ. ದೇವರ ಅಸ್ತಿತ್ವವನ್ನು ಇಷ್ಟು ಶ್ರದ್ಧೆಯಿಂದ ತನಿಖೆ ಮಾಡುತ್ತಿರುವ ಇಬ್ಬರು ಗಂಡಸರಿಗೆ ಆಸ್ಪತ್ರೆಗೆ ಒಂದು ಫೋನ್ ಮಾಡಲು ಬಿಡುವಾಗಲಿಲ್ಲ.

ನಿಮ್ಮ ತಂದೆಯವರ ಮೇಲೆ ನನಗೆ ಸಿಟ್ಟಿಲ್ಲ. ಹೆಂಡತಿಯ ವರದಿಗಾಗಿ ಕಾದು ಕೂತವರಿಗೆ ಭಯ ಕಳೆದ ಮೇಲೆ ಯಾರಿಗಾದರೂ ಕೃತಜ್ಞತೆ ಹೇಳಲೇಬೇಕಾಗುತ್ತದೆ. ಆದರೆ ಅದನ್ನು ಪ್ರಮಾಣವೆನ್ನಲಾಗದು. ವರದಿ ಕೆಟ್ಟದಾಗಿ ಬಂದಿದ್ದರೆ ಅವರು ದೇವರಿಲ್ಲ ಎನ್ನುತ್ತಿದ್ದರೇ? ಇನ್ನೊಂದು ಹರಕೆ ಹೊರುತ್ತಿದ್ದರು, ಅಷ್ಟೆ. ನೀವೂ ಅಷ್ಟೊಂದು ಬೀಗಬೇಡಿ. ನಿಮ್ಮ ವಾದದಿಂದ ಬಿದ್ದುಹೋಗುವುದು ಮಾವನ ಹರಕೆಯೇ ಹೊರತು ದೇವರಲ್ಲ. ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೊಬ್ಬ ಕರ್ತೃ ಇರಲೇಬೇಕೆಂದು ಉದಯನಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆ 'ನ್ಯಾಯಕುಸುಮಾಂಜಲಿ'ಯಲ್ಲಿ ವಾದಿಸಿದರು. ಅವರಿಗೂ ಮೊದಲೇ, ವೇದವನ್ನು ಪರಮ ಪ್ರಮಾಣವೆಂದು ಹಿಡಿದಿದ್ದ ಮೀಮಾಂಸಕ ಕುಮಾರಿಲ ಭಟ್ಟರು ಸೃಷ್ಟಿಕರ್ತನೆಂಬ ಕಲ್ಪನೆಯನ್ನೇ ತಿರಸ್ಕರಿಸಿದ್ದರು. ಅವರಂಥವರಲ್ಲೇ ಇತ್ಯರ್ಥವಾಗದ ವ್ಯಾಜ್ಯ ನಿಮ್ಮ ಊಟದ ಮೇಜಿನಲ್ಲಿ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ.

ನನಗೆ ಸಿಟ್ಟಿರುವುದು ಸೋದರಮಾವನ ಮೇಲೆ. ಇನ್ನೊಬ್ಬರ ತಲೆಯ ಮೇಲೆ ಹರಕೆ ಹೊರಬಾರದೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಇಂಥ ಮಾವಂದಿರು ಹುಟ್ಟುತ್ತಲೇ ಇದ್ದಾರೆ. ವಯಸ್ಸಿಗೆ ಬಂದ ಅಳಿಯನನ್ನು ಒಂದು ಮಾತೂ ಕೇಳದೆ ಅವನ ಕೂದಲನ್ನು ಮಾತುಕೊಟ್ಟು, ಈಗ ದೇವರ ಸಾಲ ಇಟ್ಟುಕೊಳ್ಳಬಾರದೆಂದು ಹೆದರಿಸುತ್ತಿರುವ ಆ ಮಹಾಶಯರು ತಮ್ಮ ತಲೆಯನ್ನೇ ತಿರುಪತಿಗೆ ಕೊಂಡೊಯ್ಯಲಿ. ಕೂದಲು ಉದುರಿ ಹೋಗಿದೆಯೆಂಬ ನೆಪವನ್ನು ವೆಂಕಟರಮಣನ ಎದುರಲ್ಲೇ ಹೇಳಿಕೊಳ್ಳಲಿ.

2006ರ ಆಗಸ್ಟಿನಲ್ಲಿ ಮಾಹೀಮಿನ ಸಮುದ್ರದ ನೀರು ಸಿಹಿಯಾಗಿದೆಯೆಂಬ ಸುದ್ದಿ ಹಬ್ಬಿ ಸಾವಿರಾರು ಜನ ದಡಕ್ಕೆ ಧಾವಿಸಿದ್ದು ಮುಂಬಯಿಯ ಹಿರಿಯ ಓದುಗರಿಗೆ ನೆನಪಿರಬಹುದು. ಅದು ಪವಾಡವೆಂದು ಕೈಮುಗಿದು ಮನೆಗೆ ಮರಳಿದವರಿಗೆ ಯಾವ ಅಪಾಯವೂ ಇರಲಿಲ್ಲ. ಕೊಳಚೆ ಸೇರುವ ಆ ನೀರನ್ನು ಕುಡಿಯಬೇಡಿರೆಂದು ಅಧಿಕಾರಿಗಳು ಎಚ್ಚರಿಸಿದರೂ ಬಾಟಲಿಗಳಲ್ಲಿ ತುಂಬಿಕೊಂಡು ಮಕ್ಕಳಿಗೂ ಕುಡಿಸಿದವರ ಬಗ್ಗೆ ಮಾತ್ರ ಭಯಪಡಬೇಕಾಗಿತ್ತು. ನಿಮ್ಮ ತಾಯಿಯವರ ನಂಬಿಕೆಯನ್ನು ನಾನು ನೋಡುವುದೂ ಹೀಗೆಯೇ. ದೇವರು ವಾಸಿಮಾಡಿದನೆಂದು ಅವರು ಬದುಕಿನುದ್ದಕ್ಕೂ ನಂಬಿಕೊಂಡಿರಲಿ, ಆದರೆ ಮ್ಯಾಮೋಗ್ರಾಮ್ ತಪ್ಪಬಾರದು.

ಆದ್ದರಿಂದ ಸೋಮವಾರ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿ, ತಾಯಿಯನ್ನು ನೀವೇ ಕರೆದುಕೊಂಡು ಹೋಗಿ. ಅಪಚಾರದ ಮಾತು ಬಂದರೆ ಉತ್ತರಿಸಬೇಕಾದವರು ತಂದೆಯವರು. ಅವರ ಮಾತನ್ನು ತಾಯಿ ಕೇಳುತ್ತಾರೆ, ನಿಮ್ಮ ತರ್ಕವನ್ನಲ್ಲ. ತಂದೆಯವರೂ ಜೊತೆಗೆ ಬರಲಿ, ಲೋಕಲ್ ಟ್ರೈನಿನಲ್ಲಿ ವಿಷ್ಣುಸಹಸ್ರನಾಮ ಹೇಳಿಕೊಳ್ಳಲಿ, ನೀವು ನಡುವೆ ಬಾಯಿ ಹಾಕಬೇಡಿ.